ಮಾದರಿ ವಿಮಾನವನ್ನು ಹಾರಿಸುವುದು ಮತ್ತು ಇಳಿಸುವುದು

ರೇಡಿಯೋ ನಿಯಂತ್ರಿತ ಮಾದರಿ ವಿಮಾನವನ್ನು ನೆಲದಿಂದ ಮೇಲಕ್ಕೇರಿಸಲು ಹೊಸಬರಿಗೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಎಂಜಿನ್ನಿಗೆ ಪೂರ್ಣ ಶಕ್ತಿಯನ್ನು ಒದಗಿಸಿ ಗಾಳಿಗೆ ಎದುರಾಗಿ ಓಡಿಸಿದರೆ, ಸಮತೋಲನ ಸರಿಯಾಗಿರುವ ಮಾದರಿಯು ಬಹುಮಟ್ಟಿಗೆ ತಾನಾಗಿಯೇ ಮೇಲೇರುತ್ತದೆ. ಆದರೆ ಹೀಗೆ ಏರಿದ ವಿಮಾನವನ್ನು ಮುರಿಯದಂತೆ ನೆಲಕ್ಕೆ ಮರಳಿಸುವುದು ಬೇರೆಯದೇ ವಿದ್ಯೆ. ವಾರಗಟ್ಟಲೆ ಶ್ರಮವಹಿಸಿ ಕಟ್ಟಿದ ಮಾದರಿಯು ಮೊದಲ ಹಾರಾಟದ ಎರಡನೆಯ ನಿಮಿಷದಲ್ಲಿಯೇ ಚೂರಾದುದನ್ನು ಕಂಡು, ಅಂದಿಗೇ ಈ ಹವ್ಯಾಸವನ್ನು ಕೈಬಿಟ್ಟವರು ಅನೇಕರು. ಅವರಲ್ಲಿ ಬಹುಪಾಲು ಮಂದಿಗೆ ಏರಿಸುವುದನ್ನು ಯಾರೋ ತೋರಿಸಿಕೊಟ್ಟಿರುತ್ತಾರೆ. ಇಳಿಸುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಕಷ್ಟದ ಮೂಲ ಕಾರಣವನ್ನು ಆರಂಭದಲ್ಲಿಯೇ ಅರಿತುಕೊಳ್ಳುವುದು ಒಳ್ಳೆಯದು. ನಿಜವಾದ ವಿಮಾನದ ಚಾಲಕನು ವಿಮಾನದೊಳಗೆ ಕುಳಿತಿರುತ್ತಾನೆ. ವಿಮಾನ ವಾಲಿದರೆ ಅವನ ದೇಹವೂ ವಾಲುತ್ತದೆ. ವೇಗ ಕುಗ್ಗಿದರೆ ಗಾಳಿಯ ಸದ್ದು ತಗ್ಗುತ್ತದೆ, ಎದುರಿಗಿರುವ ಮಾಪಕ ಅದನ್ನು ತೋರಿಸುತ್ತದೆ. ಮಾದರಿ ವಿಮಾನದ ಚಾಲಕನಾದರೋ ಬಯಲಿನ ಅಂಚಿನಲ್ಲಿ ನೆಲದ ಮೇಲೆ ನಿಂತಿರುತ್ತಾನೆ. ಅವನಿಗಿರುವುದು ಕಣ್ಣು ಮತ್ತು ಸ್ವಲ್ಪಮಟ್ಟಿಗೆ ಕಿವಿ, ಅಷ್ಟೇ. ನೂರು ಮೀಟರ್ ದೂರದಲ್ಲಿ ಅಂಗೈಯಗಲವಾಗಿ ಕಾಣುವ ಆಕೃತಿಯನ್ನು ನೋಡಿ, ಅದು ಯಾವ ಕಡೆಗೆ ವಾಲಿದೆ, ಎಷ್ಟು ವೇಗದಲ್ಲಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕಾಗುತ್ತದೆ. ದೊಡ್ಡ ವಿಮಾನಗಳ ಅನುಭವಿ ಚಾಲಕರಿಗೂ ಮಾದರಿ ವಿಮಾನದ ಮೊದಲ ಪಾಠಗಳು ಸುಲಭವಾಗದಿರುವುದಕ್ಕೆ ಇದೇ ಕಾರಣ.

ರೇಡಿಯೋ ತರಂಗಗಳ ಮೂಲಕ ಯಂತ್ರವೊಂದನ್ನು ದೂರದಿಂದ ನಡೆಸಬಹುದೆಂಬುದನ್ನು ನಿಕೋಲಾ ಟೆಸ್ಲಾ ಅವರು 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಸಣ್ಣ ದೋಣಿಯ ಮೂಲಕ ತೋರಿಸಿಕೊಟ್ಟರು. ಮಾದರಿ ವಿಮಾನವನ್ನು ಈ ರೀತಿಯಲ್ಲಿ ಯಶಸ್ವಿಯಾಗಿ ಹಾರಿಸಿದ ಮೊದಲಿಗರಲ್ಲಿ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಮುಖ್ಯರು. 1937ರಲ್ಲಿ ಹಾರಿದ ಅವರ ‘ಗಫ್’ ಎಂಬ ಮಾದರಿಯನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಮೇನಾರ್ಡ್ ಹಿಲ್ ಎಂಬುವರ ತಂಡ ಕಟ್ಟಿದ, 5 ಕಿಲೋಗ್ರಾಂಗೂ ಕಡಿಮೆ ತೂಕದ ಬಾಲ್ಸಾ ಮರದ ಮಾದರಿಯೊಂದು 2003ರ ಆಗಸ್ಟ್ ತಿಂಗಳಲ್ಲಿ ಕೆನಡಾದ ನ್ಯೂಫೌಂಡ್ಲೆಂಡಿನಿಂದ ಹೊರಟು, ಸುಮಾರು 39 ಗಂಟೆಗಳಲ್ಲಿ 3,000 ಕಿಲೋಮೀಟರಿಗೂ ಹೆಚ್ಚು ದೂರವನ್ನು ಕ್ರಮಿಸಿ ಐರ್ಲೆಂಡಿನಲ್ಲಿ ಇಳಿಯಿತು. ಆ ವೇಳೆಗೆ ಹಿಲ್ ಅವರ ದೃಷ್ಟಿ ಬಹುಮಟ್ಟಿಗೆ ಕುಂದಿತ್ತೆಂಬುದು ಗಮನಾರ್ಹ. ನಮ್ಮ ದೇಶದಲ್ಲಿ ರಾಷ್ಟ್ರೀಯ ಕೆಡೆಟ್ ದಳದ, ಅಂದರೆ ಎನ್‌ಸಿಸಿಯ, ವಾಯು ವಿಭಾಗವು ಮಾದರಿ ವಿಮಾನ ನಿರ್ಮಾಣ ಮತ್ತು ಹಾರಾಟವನ್ನು ತನ್ನ ತರಬೇತಿಯ ಅಂಗವಾಗಿ ಉಳಿಸಿಕೊಂಡು ಬಂದಿದೆ. ಶಾಲಾ ಕಾಲೇಜುಗಳಲ್ಲಿ ಓದುತ್ತಿರುವವರಿಗೆ ಕಡಿಮೆ ಖರ್ಚಿನಲ್ಲಿ ಕಲಿಯಲು ಇದಕ್ಕಿಂತ ಉತ್ತಮ ದಾರಿ ಕಾಣದು.

ಕಲಿಕೆಗೆ ತಕ್ಕ ಮಾದರಿ

ಅಂಗಡಿಗೆ ಹೋದವರ ಕಣ್ಣಿಗೆ ಯುದ್ಧ ವಿಮಾನದ ಆಕೃತಿಯ ಮಾದರಿಯೇ ಮೊದಲು ಬೀಳುವುದು ಸಹಜ. ಅದನ್ನು ಕೊಂಡು ಮನೆಯ ಕಪಾಟಿನ ಮೇಲಿಡಬಹುದು. ಅದರಿಂದ ಹಾರಾಟವನ್ನು ಕಲಿಯಲಾಗದು. ಕಲಿಯುವವರಿಗೆ ಬೇಕಾದುದು ತರಬೇತಿ ಮಾದರಿ. ಇದರ ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿರುತ್ತದೆ. ರೆಕ್ಕೆಯ ಎರಡೂ ತುದಿಗಳು ನಡುಭಾಗಕ್ಕಿಂತ ತುಸು ಮೇಲಕ್ಕೆ ಬಾಗಿರುತ್ತವೆ. ಈ ಬಾಗುವಿಕೆಯ ಪ್ರಯೋಜನ ದೊಡ್ಡದು: ವಿಮಾನವು ಒಂದು ಬದಿಗೆ ವಾಲಿ ಆ ಕಡೆಗೆ ಜಾರತೊಡಗಿದಾಗ, ಕೆಳಗಿಳಿದ ರೆಕ್ಕೆಗೆ ಹೆಚ್ಚು ಎತ್ತುವ ಬಲ ದೊರೆತು ಅದು ತಾನಾಗಿಯೇ ಸಮಸ್ಥಿತಿಗೆ ಮರಳಲು ಯತ್ನಿಸುತ್ತದೆ. ಕಲಿಯುವವನು ತಬ್ಬಿಬ್ಬಾಗಿ ಕಡ್ಡಿಗಳಿಂದ ಕೈತೆಗೆದರೂ, ಸಾಕಷ್ಟು ಎತ್ತರದಲ್ಲಿರುವ ತರಬೇತಿ ಮಾದರಿಯು ಅನೇಕ ವೇಳೆ ತನ್ನನ್ನು ತಾನೇ ಸಂಭಾಳಿಸಿಕೊಳ್ಳುವುದುಂಟು. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1.2ರಿಂದ 1.5 ಮೀಟರ್‌ ಇದ್ದರೆ ಅನುಕೂಲ. ತೀರ ಸಣ್ಣ ಮಾದರಿಗಳು ಅಗ್ಗವೆಂಬುದು ನಿಜವಾದರೂ ಗಾಳಿಗೆ ಸಿಕ್ಕಿ ತೂರಾಡುತ್ತವೆ, ದೂರದಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ.

ಹಿಂದೆ ಮಾದರಿಗಳನ್ನು ಹಗುರವಾದ ಬಾಲ್ಸಾ ಮರದಿಂದ ಕಟ್ಟಿ, ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣದಿಂದ ನಡೆಯುವ ಪುಟ್ಟ ಎಂಜಿನ್ನುಗಳನ್ನು ಜೋಡಿಸುತ್ತಿದ್ದರು. ಈ ಬಗೆಯ ಎಂಜಿನ್ನುಗಳು ಇಂದಿಗೂ ಉಂಟು. ಆದರೆ ಕಲಿಯುವವರ ಬಯಲುಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಗಟ್ಟಿ ಫೋಮಿನ ಒಡಲು, ವಿದ್ಯುತ್ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ. ಫೋಮು ಮುರಿದರೆ ಅಂಟಿನಿಂದ ಸರಿಪಡಿಸಿ ಅಂದೇ ಮತ್ತೆ ಹಾರಿಸಬಹುದು ಎಂಬುದೇ ಇದರ ಹೆಗ್ಗಳಿಕೆ.

ನಿಯಂತ್ರಣ ವ್ಯವಸ್ಥೆಯನ್ನು ಸ್ಥೂಲವಾಗಿ ತಿಳಿದಿದ್ದರೆ ಸಾಕು. ಚಾಲಕನ ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಅಥವಾ ಪ್ರೇಷಕವು ಕಡ್ಡಿಗಳ ಚಲನೆಯನ್ನು ರೇಡಿಯೋ ಸಂಕೇತವಾಗಿ ಕಳುಹಿಸುತ್ತದೆ. ವಿಮಾನದಲ್ಲಿರುವ ಗ್ರಾಹಕವು ಅದನ್ನು ಸ್ವೀಕರಿಸಿ ಸರ್ವೋ ಎಂಬ ಚಿಕ್ಕ ಮೋಟಾರುಗಳಿಗೆ ಮುಟ್ಟಿಸುತ್ತದೆ. ಬಾಲದ ಅಡ್ಡರೆಕ್ಕೆಯಲ್ಲಿರುವ ಎಲಿವೇಟರ್ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ. ಬಾಲದ ನೆಟ್ಟನೆಯ ಭಾಗದಲ್ಲಿರುವ ರಡ್ಡರ್ ಮೂತಿಯನ್ನು ಎಡಬಲಕ್ಕೆ ತಿರುಗಿಸುತ್ತದೆ. ರೆಕ್ಕೆಯ ಹಿಂಬದಿಯ ಏಲರಾನ್‌ಗಳು ವಿಮಾನವನ್ನು ಬದಿಗೆ ವಾಲಿಸುತ್ತವೆ. ಥ್ರಾಟಲ್ ಮೋಟಾರಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹಿಂದಿನ ದಿನಗಳಲ್ಲಿ ಒಂದೇ ಆವೃತ್ತಿಯ ಎರಡು ಪ್ರೇಷಕಗಳನ್ನು ಒಂದೇ ಬಯಲಿನಲ್ಲಿ ಚಾಲೂ ಮಾಡಿದರೆ ಹಾರುತ್ತಿದ್ದ ವಿಮಾನ ನಿಶ್ಚಯವಾಗಿ ಬೀಳುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಉಪಕರಣಗಳಲ್ಲಿ ಪ್ರತಿಯೊಂದು ಗ್ರಾಹಕವೂ ತನ್ನ ಪ್ರೇಷಕವನ್ನು ಮಾತ್ರ ಗುರುತಿಸುವುದರಿಂದ ಆ ಭಯ ಬಹುಮಟ್ಟಿಗೆ ತಪ್ಪಿದೆ.

ಹಾರಾಟಕ್ಕೆ ಮುನ್ನ

ಮೊದಲ ಪರೀಕ್ಷೆ ಗುರುತ್ವ ಕೇಂದ್ರದ್ದು. ಬ್ಯಾಟರಿಯನ್ನು ಅದರ ಸ್ಥಾನದಲ್ಲಿಟ್ಟು, ರೆಕ್ಕೆಯ ಕೆಳಗೆ ಎರಡೂ ಬದಿಗಳಲ್ಲಿ ಬೆರಳನ್ನು ಆನಿಸಿ ವಿಮಾನವನ್ನು ಎತ್ತಬೇಕು. ಅದು ಸಮತೋಲನದಲ್ಲಿ ನಿಲ್ಲುವ ಬಿಂದುವು ತಯಾರಕರು ಸೂಚಿಸಿದ ಜಾಗದಲ್ಲಿರಬೇಕು. ಸಾಮಾನ್ಯ ತರಬೇತಿ ಮಾದರಿಗಳಲ್ಲಿ ಇದು ರೆಕ್ಕೆಯ ಮುಂದಂಚಿನಿಂದ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರುತ್ತದೆ. ಮೂತಿ ತುಸು ಭಾರವಾಗಿರುವ ವಿಮಾನ ಹೇಗೋ ಹಾರೀತು. ಬಾಲ ಭಾರವಾದ ವಿಮಾನವು ನುರಿತವರ ಕೈಗೂ ಸಿಗದು.

ಪ್ರತಿ ಹಾರಾಟಕ್ಕೂ ಮೊದಲು ಕಡ್ಡಿಗಳನ್ನು ಒಂದೊಂದಾಗಿ ಚಲಿಸಿ, ಆಯಾ ಭಾಗ ಸರಿಯಾದ ದಿಕ್ಕಿನಲ್ಲಿ ಹೊರಳುತ್ತದೆಯೇ ಎಂದು ನೋಡುವುದು ಕಡ್ಡಾಯ. ಬಲಕ್ಕೆ ವಾಲಿಸುವ ಆಜ್ಞೆ ಕೊಟ್ಟಾಗ ಬಲ ರೆಕ್ಕೆಯ ಏಲರಾನ್ ಮೇಲಕ್ಕೇಳಬೇಕು, ಎಡದ್ದು ಕೆಳಗಿಳಿಯಬೇಕು. ಸರ್ವೋ ತಿರುಗುಮುರುಗಾಗಿದ್ದರೆ ವಿಮಾನ ನೆಲ ಬಿಟ್ಟ ನಂತರ ಅದನ್ನು ತಿದ್ದಲು ಅವಕಾಶವೇ ಇಲ್ಲ. ಪ್ರೇಷಕದ ಶಕ್ತಿಯನ್ನು ತಗ್ಗಿಸುವ ಪರೀಕ್ಷಾ ಸೌಲಭ್ಯವನ್ನು ಬಳಸಿ, ತಯಾರಕರು ಹೇಳಿದಷ್ಟು ಹೆಜ್ಜೆ ದೂರ ಹೋಗಿ ಸಂಪರ್ಕವನ್ನು ಖಚಿತಪಡಿಸಿಕೊಳ್ಳಬೇಕು. ಸಂಪರ್ಕ ಕಡಿದಾಗ ಮೋಟಾರು ತಾನಾಗಿ ನಿಲ್ಲುವಂತೆ ಹೊಂದಿಸಿರಬೇಕು.

ಪ್ರೊಪೆಲ್ಲರಿನ ವಿಷಯದಲ್ಲಿ ಹೊಸಬರು ತೋರುವ ಸಲುಗೆ ಅಪಾಯಕಾರಿ. 25 ಸೆಂಟಿಮೀಟರ್ ವ್ಯಾಸದ ಪ್ರೊಪೆಲ್ಲರು ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ 450 ಕಿಲೋಮೀಟರನ್ನು ಮೀರುತ್ತದೆ. ವಿದ್ಯುತ್ ಮೋಟಾರಿಗೆ ಎಂಜಿನ್ನಿನಂತೆ ಚಾಲೂ ಮಾಡುವ ಗೋಜಿಲ್ಲ. ಬ್ಯಾಟರಿ ಜೋಡಿಸಿದ ಮೇಲೆ ಕಡ್ಡಿಗೆ ಅರಿವಿಲ್ಲದೆ ತೋಳು ತಗುಲಿದರೂ ಅದು ತಿರುಗಿಬಿಡುತ್ತದೆ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಯಾರೂ ಪ್ರೊಪೆಲ್ಲರಿನ ಮುಂದಾಗಲಿ ಪಕ್ಕದಲ್ಲಾಗಲಿ ನಿಲ್ಲಕೂಡದು.

ಆಕಾಶದಲ್ಲಿ ಮೊದಲ ಪಾಠಗಳು

ಗುರುವಿಲ್ಲದೆ ಕಲಿಯುವುದು ಸಾಧ್ಯವಿಲ್ಲವೆಂದಲ್ಲ. ಆದರೆ ಅದು ದುಬಾರಿ. ಎರಡು ಪ್ರೇಷಕಗಳನ್ನು ತಂತಿಯಿಂದ ಅಥವಾ ತಂತಿಯಿಲ್ಲದೆ ಪರಸ್ಪರ ಜೋಡಿಸಿ, ಕಲಿಸುವವರು ಒಂದು ಗುಂಡಿಯನ್ನು ಒತ್ತಿರುವವರೆಗೆ ಮಾತ್ರ ನಿಯಂತ್ರಣ ಶಿಷ್ಯನ ಕೈಯಲ್ಲಿರುವ ಏರ್ಪಾಟು ಬಹುಕಾಲದಿಂದ ಬಳಕೆಯಲ್ಲಿದೆ. ವಿಮಾನ ತಪ್ಪು ದಾರಿ ಹಿಡಿದೊಡನೆ ಗುಂಡಿಯನ್ನು ಬಿಟ್ಟರೆ ನಿಯಂತ್ರಣ ಗುರುವಿಗೆ ಮರಳುತ್ತದೆ. ಗಣಕಯಂತ್ರದ ಮೇಲೆ ಹಾರಾಟವನ್ನು ಅನುಕರಿಸುವ ಕ್ರಮವಿಧಿಗಳೂ ಈಗ ಸುಲಭವಾಗಿ ಸಿಗುತ್ತವೆ. ನಿಜವಾದ ಪ್ರೇಷಕವನ್ನೇ ಗಣಕಯಂತ್ರಕ್ಕೆ ಜೋಡಿಸಿ ಹತ್ತಾರು ಗಂಟೆ ಅಭ್ಯಾಸ ಮಾಡಿದವರು ಬಯಲಿನಲ್ಲಿ ಬೇಗನೆ ಮುಂದುವರಿಯುತ್ತಾರೆ. ಗಾಳಿಯ ಹೊಡೆತ ಮತ್ತು ನೆಲ ಸಮೀಪಿಸಿದಾಗ ಎದೆಯಲ್ಲಿ ಮೂಡುವ ಅಳುಕು, ಇವೆರಡನ್ನು ಮಾತ್ರ ಪರದೆ ಕಲಿಸಲಾರದು.

ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ದಿಕ್ಕಿನ ಗೊಂದಲ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ಅದರ ಎಡಬಲಗಳು ನಮ್ಮ ಎಡಬಲಗಳೇ ಆಗಿರುತ್ತವೆ. ಅದು ತಿರುಗಿ ನಮ್ಮತ್ತ ಬರತೊಡಗಿದರೆ ಎಲ್ಲವೂ ಅದಲುಬದಲು. ತಪ್ಪು ಕಡೆಗೆ ಕಡ್ಡಿ ತಳ್ಳಿ, ವಿಮಾನ ಇನ್ನಷ್ಟು ವಾಲಿದ್ದನ್ನು ಕಂಡು ಗಾಬರಿಯಿಂದ ಇನ್ನಷ್ಟು ತಳ್ಳಿ, ಕೊನೆಗೆ ಸುರುಳಿ ಸುತ್ತುತ್ತಾ ನೆಲಕ್ಕೆ ಬೀಳಿಸುವುದು ಹೊಸಬರಲ್ಲಿ ಸಾಮಾನ್ಯ. ಇದಕ್ಕೆ ಹಳಬರು ಹೇಳುವ ಉಪಾಯ ಸರಳವಾಗಿದೆ: ವಿಮಾನ ನಮ್ಮತ್ತ ಬರುತ್ತಿರುವಾಗ ಯಾವ ಕಡೆಯ ರೆಕ್ಕೆ ಕೆಳಗಿಳಿದಂತೆ ಕಾಣುವುದೋ ಆ ಕಡೆಗೇ ಕಡ್ಡಿಯನ್ನು ಸರಿಸಬೇಕು, ಕುಸಿಯುತ್ತಿರುವ ರೆಕ್ಕೆಗೆ ಊರುಗೋಲು ಕೊಟ್ಟಂತೆ. ಆಗ ಎಡಬಲಗಳ ಲೆಕ್ಕಾಚಾರವೇ ಬೇಕಾಗುವುದಿಲ್ಲ.

ಎರಡನೆಯ ಪಾಠ ಸ್ಟಾಲ್ ಎಂಬ ಸ್ಥಿತಿಯದು. ಮೂತಿಯನ್ನು ಮೇಲೆತ್ತುತ್ತಾ ಹೋದಂತೆ ರೆಕ್ಕೆಯು ಎದುರು ಗಾಳಿಯೊಡನೆ ಮಾಡುವ ಕೋನ ಹೆಚ್ಚುತ್ತದೆ. ಈ ಕೋನ ಸುಮಾರು 12ರಿಂದ 15 ಡಿಗ್ರಿಗಳನ್ನು ದಾಟಿದಾಗ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಳಚಿಕೊಂಡು, ಎತ್ತುವ ಬಲ ಒಮ್ಮೆಗೇ ಕುಸಿಯುತ್ತದೆ. ವಿಮಾನ ಬೀಳುತ್ತಿದೆಯೆಂದು ಕಂಡಾಗ ಮೂತಿಯನ್ನು ಇನ್ನಷ್ಟು ಎತ್ತಲು ಮನಸ್ಸು ಹೇಳುತ್ತದೆ. ಮಾಡಬೇಕಾದುದು ಅದಕ್ಕೆ ವಿರುದ್ಧ: ಮೂತಿಯನ್ನು ಇಳಿಸಿ, ವೇಗ ಗಳಿಸಿಕೊಂಡು, ಆಮೇಲೆ ಮೆಲ್ಲಗೆ ಸಮಸ್ಥಿತಿಗೆ ತರಬೇಕು. ಇದನ್ನು 60ರಿಂದ 80 ಮೀಟರ್ ಎತ್ತರದಲ್ಲಿ ಬೇಕೆಂದೇ ಹಲವು ಬಾರಿ ಮಾಡಿ ನೋಡಬೇಕು. ತನ್ನ ಮಾದರಿಯು ಸ್ಟಾಲ್ ಆಗುವ ಮುನ್ನ ಹೇಗೆ ತೂಗಾಡುತ್ತದೆ, ಯಾವ ರೆಕ್ಕೆಯನ್ನು ಮೊದಲು ಕೆಡಹುತ್ತದೆ, ಚೇತರಿಸಿಕೊಳ್ಳಲು ಎಷ್ಟು ಎತ್ತರವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಅರಿಯದವನು ಇಳಿಸುವ ಪ್ರಯತ್ನಕ್ಕೆ ಕೈಹಾಕಬಾರದು.

ಇಳಿಸುವಿಕೆ

ಇಳಿಸುವ ಕ್ರಮ ದೊಡ್ಡ ವಿಮಾನಗಳದ್ದೇ. ವಿಮಾನವು ಮೊದಲು ಓಡುದಾರಿಗೆ ಸಮಾಂತರವಾಗಿ, ಗಾಳಿ ಬೀಸುವ ದಿಕ್ಕಿನಲ್ಲಿಯೇ, ಚಾಲಕನನ್ನು ದಾಟಿ ಹೋಗುತ್ತದೆ. ಬಳಿಕ ಓಡುದಾರಿಯ ಕಡೆಗೆ ಅಡ್ಡಲಾಗಿ ತಿರುಗುತ್ತದೆ. ಮತ್ತೊಂದು ತಿರುವು ತೆಗೆದುಕೊಂಡು ಗಾಳಿಗೆ ಎದುರಾಗಿ, ಓಡುದಾರಿಯ ನೇರಕ್ಕೆ ಬಂದು ಇಳಿಯುತ್ತದೆ. ಗಾಳಿಗೆ ಎದುರಾಗಿಯೇ ಏಕೆ ಇಳಿಯಬೇಕು? ರೆಕ್ಕೆಗೆ ಲೆಕ್ಕ ಗಾಳಿಯೊಡನೆ ಅದಕ್ಕಿರುವ ವೇಗ ಮಾತ್ರ. ಗಾಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಮಾದರಿಯು 15 ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿದ್ದರೆ, ನೆಲದ ಮೇಲೆ ನಿಂತವನಿಗೆ ಅದರ ವೇಗ 25 ಕಿಲೋಮೀಟರ್ ಮಾತ್ರವಾಗಿ ಕಾಣುತ್ತದೆ. ಗಾಳಿಯ ಜೊತೆಯಲ್ಲಿ ಸಾಗುವಾಗ ಅದೇ ವಿಮಾನದ ವೇಗ 55 ಕಿಲೋಮೀಟರ್.

ಅವಘಡದ ಬೀಜ ಇರುವುದು ಈ ಸಂಖ್ಯೆಗಳಲ್ಲಿಯೇ. ಗಾಳಿಯ ಜೊತೆಯಲ್ಲಿ ಹೋಗುವಾಗ ವಿಮಾನ ಬಹಳ ವೇಗದಲ್ಲಿದೆಯೆಂದು ಭಾವಿಸಿ ಕಲಿಯುವವನು ಶಕ್ತಿಯನ್ನು ಕಡಿತಗೊಳಿಸುತ್ತಾನೆ, ಎತ್ತರ ಕಳೆಯದಿರಲೆಂದು ಮೂತಿಯನ್ನು ತುಸು ಎತ್ತುತ್ತಾನೆ. ಅಷ್ಟರಲ್ಲಿ ತಿರುವು ಬರುತ್ತದೆ. ಎತ್ತರ ಕಾಯ್ದುಕೊಂಡು ತಿರುಗುವಾಗ ವಿಮಾನ 60 ಡಿಗ್ರಿಗಳಷ್ಟು ವಾಲಿದರೆ ರೆಕ್ಕೆ ಹೊರಬೇಕಾದ ಭಾರ ಇಮ್ಮಡಿಯಾಗುತ್ತದೆ, ಸ್ಟಾಲ್ ಆಗುವ ವೇಗ ಶೇಕಡ 40ರಷ್ಟು ಏರುತ್ತದೆ. ಮೊದಲೇ ನಿಧಾನವಾಗಿದ್ದ ವಿಮಾನ ಒಳಬದಿಯ ರೆಕ್ಕೆಯನ್ನು ಕೆಡಹಿ ಉರುಳುತ್ತದೆ. ಆಗ ಅದು ನೆಲದಿಂದ ಹತ್ತು ಹದಿನೈದು ಮೀಟರ್ ಮೇಲಿರುವುದರಿಂದ ಚೇತರಿಕೆಗೆ ಎಡೆಯಿರುವುದಿಲ್ಲ. ಆದ್ದರಿಂದ ಈ ಎರಡು ತಿರುವುಗಳನ್ನು ಅಗಲವಾಗಿ, ಅಲ್ಪ ವಾಲಿಕೆಯಲ್ಲಿ, ಮೂತಿಯನ್ನು ತುಸು ಕೆಳಗಿಟ್ಟು ತೆಗೆದುಕೊಳ್ಳಬೇಕು. ಬಯಲಿನ ಅಂಚಿನಲ್ಲಿ ಒಂದು ಬಣ್ಣದ ಬಟ್ಟೆಯ ಪಟ್ಟಿಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿದರೆ ಗಾಳಿಯ ದಿಕ್ಕು ಸದಾ ಕಣ್ಣೆದುರಿಗಿರುತ್ತದೆ. ಖರ್ಚು ಏನೂ ಇಲ್ಲ.

ಕೊನೆಯ ನೇರದಲ್ಲಿ ಮನಸ್ಸಿನಲ್ಲಿಡಬೇಕಾದ ತತ್ತ್ವವು ಮೊದಲ ನೋಟಕ್ಕೆ ತಲೆಕೆಳಗಾಗಿ ತೋರುತ್ತದೆ. ಇಳಿಯುವಾಗ ವೇಗವನ್ನು ನಿರ್ಧರಿಸುವುದು ಎಲಿವೇಟರ್; ಎತ್ತರವನ್ನು ನಿರ್ಧರಿಸುವುದು ಥ್ರಾಟಲ್. ವಿಮಾನ ಓಡುದಾರಿಯನ್ನು ಮುಟ್ಟದೆ ಮೊದಲೇ ಇಳಿಯುವಂತೆ ಕಂಡರೆ ಮೂತಿಯನ್ನು ಎತ್ತಬಾರದು, ಶಕ್ತಿಯನ್ನು ತುಸು ಹೆಚ್ಚಿಸಬೇಕು. ಮೂತಿ ಎತ್ತಿದರೆ ಒಂದೆರಡು ಕ್ಷಣ ವಿಮಾನ ಮೇಲೆದ್ದಂತೆ ಕಂಡರೂ, ವೇಗ ಕಳೆದುಕೊಂಡು ಮೊದಲಿಗಿಂತ ಹತ್ತಿರದಲ್ಲಿಯೇ ಬೀಳುತ್ತದೆ. ವಿಮಾನ ತೀರ ಎತ್ತರದಲ್ಲಿದ್ದರೆ ಮೂತಿಯನ್ನು ಕೆಳಗೆ ತಳ್ಳುವುದೂ ಸರಿಯಲ್ಲ. ಆಗ ವೇಗ ಹೆಚ್ಚಿ, ವಿಮಾನ ಇಳಿಯಲೊಲ್ಲದೆ ಬಯಲಿನ ಆಚೆ ತುದಿಯವರೆಗೆ ತೇಲುತ್ತದೆ. ಶಕ್ತಿಯನ್ನು ಇಳಿಸಿ ಕಾಯಬೇಕು; ಕಾದರೂ ಎತ್ತರ ತಗ್ಗದಿದ್ದರೆ ಪುನಃ ಮೇಲೇರಿ ಸುತ್ತು ಹಾಕಿ ಬರಬೇಕು.

ಪುನಃ ಮೇಲೇರುವ ಈ ನಿರ್ಧಾರವನ್ನು ಸೋಲೆಂದು ಭಾವಿಸುವವರೇ ಹೆಚ್ಚು ವಿಮಾನಗಳನ್ನು ಮುರಿಯುತ್ತಾರೆ. ಓಡುದಾರಿಯ ನೇರಕ್ಕೆ ಬಂದಿಲ್ಲ, ರೆಕ್ಕೆ ಸಮವಾಗಿಲ್ಲ, ಎತ್ತರ ಒಪ್ಪುವಂತಿಲ್ಲ ಎಂಬ ಮೂರರಲ್ಲಿ ಯಾವೊಂದು ಅನುಮಾನ ಬಂದರೂ ಥ್ರಾಟಲ್ಲನ್ನು ಮೆಲ್ಲಗೆ ಪೂರ್ಣವಾಗಿಸಿ, ರೆಕ್ಕೆಯನ್ನು ಸಮವಾಗಿಟ್ಟು, ನೇರವಾಗಿ ಮೇಲೇರುವುದೇ ಕ್ಷೇಮ. ಇದಕ್ಕಾಗಿ ಬ್ಯಾಟರಿಯಲ್ಲಿ ಶಕ್ತಿ ಉಳಿದಿರಬೇಕು. ಹತ್ತು ನಿಮಿಷ ನಡೆಯುವ ಬ್ಯಾಟರಿಯಾದರೆ ಆರನೆಯ ನಿಮಿಷಕ್ಕೇ ಇಳಿಸಲು ತೊಡಗುವಂತೆ ಪ್ರೇಷಕದ ಗಡಿಯಾರವನ್ನು ಹೊಂದಿಸಿಕೊಳ್ಳುವುದು ಅನುಭವಿಗಳ ವಾಡಿಕೆ. ಮೊದಮೊದಲು ನೆಲ ಮುಟ್ಟಿಸದೆ, ಓಡುದಾರಿಯ ಮೇಲೆ ಮೂರು ನಾಲ್ಕು ಮೀಟರ್ ಎತ್ತರದಲ್ಲಿ ಹಾದು ಮೇಲೇರುವುದನ್ನೇ ಹತ್ತಿಪ್ಪತ್ತು ಬಾರಿ ಮಾಡಿದರೆ ನೆಲದ ಭಯ ತಾನಾಗಿ ಕರಗುತ್ತದೆ.

ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುವಾಗ ಶಕ್ತಿಯನ್ನು ಪೂರ್ಣವಾಗಿ ತಗ್ಗಿಸಿ, ಎಲಿವೇಟರನ್ನು ಕೂದಲೆಳೆಯಷ್ಟು ಎಳೆಯತೊಡಗಬೇಕು. ರೆಕ್ಕೆಯ ಉದ್ದಕ್ಕಿಂತ ಕಡಿಮೆ ಎತ್ತರಕ್ಕೆ ಬಂದಾಗ ನೆಲದ ಸಾಮೀಪ್ಯದಿಂದ ಗಾಳಿಯ ತಡೆ ತಗ್ಗುವುದರಿಂದ ವಿಮಾನ ಮೆತ್ತೆಯ ಮೇಲೆ ಕುಳಿತಂತೆ ತೇಲುತ್ತದೆ. ಅದನ್ನು ಒತ್ತಾಯದಿಂದ ನೆಲಕ್ಕೆ ಇಳಿಸಬಾರದು. ಇಳಿಯಗೊಡದೆ ಹಿಡಿದಿಟ್ಟುಕೊಂಡಂತೆ ಎಲಿವೇಟರನ್ನು ಎಳೆಯುತ್ತಾ ಹೋದರೆ, ವೇಗ ತೀರಿ, ಹಿಂದಿನ ಗಾಲಿಗಳು ಮೊದಲು ನೆಲ ಮುಟ್ಟುತ್ತವೆ. ವಿಮಾನ ಪುಟಿದರೆ ಮೂತಿಯನ್ನು ಕೆಳಕ್ಕೆ ಒತ್ತುವುದು ಮುಂದಿನ ಗಾಲಿಯನ್ನೂ ಪ್ರೊಪೆಲ್ಲರನ್ನೂ ಮುರಿಯುವ ಖಚಿತ ಮಾರ್ಗ. ಸಣ್ಣ ಪುಟಿತವಾದರೆ ರೆಕ್ಕೆಯನ್ನು ಸಮವಾಗಿಟ್ಟುಕೊಂಡು ಕಾಯಬೇಕು, ದೊಡ್ಡದಾದರೆ ಶಕ್ತಿ ಕೊಟ್ಟು ಮೇಲೇರಬೇಕು.

ಎಲ್ಲಿ, ಯಾವಾಗ ಹಾರಿಸಬೇಕು

ಒಂದೂವರೆ ಕಿಲೋಗ್ರಾಂ ತೂಕದ ಮಾದರಿಯು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಯಾರಿಗಾದರೂ ತಾಗಿದರೆ, ಅಷ್ಟೇ ತೂಕದ ಕಲ್ಲು 11 ಮೀಟರಿಗೂ ಹೆಚ್ಚು ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಕಟ್ಟಡದ ತಾರಸಿಗಿಂತ ಮೇಲಿನಿಂದ, ಬಿದ್ದಂತಾಗುತ್ತದೆ. ಮಕ್ಕಳು ಆಡುವ ಮೈದಾನ, ರಸ್ತೆಯ ಬದಿ, ಕಡಲತೀರದ ಜನಸಂದಣಿ ಇವು ಈ ಹವ್ಯಾಸದ ಸ್ಥಳಗಳಲ್ಲ. ಮುಂಬಯಿ, ದೆಹಲಿಯಂಥ ಮಹಾನಗರಗಳಲ್ಲಿ ವಾಸಿಸುವವರು ಬೆಳಗಿನ ಜಾವ ಊರ ಹೊರಗೆ ಒಂದೆರಡು ಗಂಟೆ ಪ್ರಯಾಣ ಮಾಡಬೇಕಾಗಿ ಬಂದರೂ ಅದನ್ನು ಹವ್ಯಾಸದ ಭಾಗವೆಂದೇ ಎಣಿಸಬೇಕು.

ಭಾರತದಲ್ಲಿ ಮಾದರಿ ವಿಮಾನಗಳು 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಸೇರುತ್ತವೆ. ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗಾಗಿ ಮಾತ್ರ, ಕಣ್ಣಿಗೆ ಕಾಣುವ ದೂರದೊಳಗೆ ಹಾರಿಸುವ, 25 ಕಿಲೋಗ್ರಾಂಗೆ ಮೀರದ ತೂಕದವುಗಳಿಗೆ ಮಾದರಿಗಳೆಂಬ ಪ್ರತ್ಯೇಕ ವ್ಯಾಖ್ಯೆಯಿದ್ದು, ಇವುಗಳಿಗೆ ವಿಮಾನದ ವಿನ್ಯಾಸಕ್ಕೆ ಸಂಬಂಧಿಸಿದ ಪ್ರಮಾಣಪತ್ರದಿಂದ ವಿನಾಯಿತಿ ನೀಡಲಾಗಿದೆ. 2 ಕಿಲೋಗ್ರಾಂವರೆಗಿನದನ್ನು ವಾಣಿಜ್ಯೇತರ ಉದ್ದೇಶಕ್ಕೆ ಹಾರಿಸುವವರಿಗೆ ಚಾಲಕ ಪ್ರಮಾಣಪತ್ರ ಬೇಕಿಲ್ಲ. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ ಈ ಮಿತಿ 200 ಅಡಿ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣ ಅಧಿಕಾರಿಗಳ ಅನುಮತಿ ಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ್ದು. ವಲಯಗಳು ಬದಲಾಗುವ ಸಂಭವ ಇರುವುದರಿಂದ ಬಯಲಿಗೆ ಹೊರಡುವ ದಿನವೇ ಸರ್ಕಾರದ ಅಧಿಕೃತ ವಾಯುಪ್ರದೇಶ ನಕ್ಷೆಯನ್ನೂ, ನೋಂದಣಿಯ ನಿಯಮವನ್ನೂ ನೋಡಿಕೊಳ್ಳಬೇಕು. ಜಾಗದ ಒಡೆಯರ ಒಪ್ಪಿಗೆ ಬೇರೆ ಮಾತು, ಅದೂ ಅಗತ್ಯ.

ಸೂರ್ಯೋದಯದ ನಂತರದ ಒಂದೆರಡು ಗಂಟೆ ಎಲ್ಲ ಊರುಗಳಿಗೂ ಒಪ್ಪುವ ಸಮಯ. ಪುಣೆ, ಹೈದರಾಬಾದುಗಳಂಥ ಪ್ರಸ್ಥಭೂಮಿಯ ಊರುಗಳಲ್ಲಿ ಹೊತ್ತೇರಿದಂತೆ ಕಾದ ನೆಲದಿಂದ ಬಿಸಿಗಾಳಿ ಮೇಲೆದ್ದು ಹಗುರ ಮಾದರಿಗಳನ್ನು ಕುಲುಕಾಡಿಸುತ್ತದೆ. ಚೆನ್ನೈಯಲ್ಲಿ ಬೇಸಿಗೆಯ ಮಧ್ಯಾಹ್ನ ಕಡಲಗಾಳಿ ನುಗ್ಗಿದಾಗ ಗಾಳಿಯ ದಿಕ್ಕೇ ಬದಲಾಗಿಬಿಡಬಹುದು. ದೆಹಲಿಯ ಚಳಿಗಾಲದ ಮಂಜು ಕರಗುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಸಂಕ್ರಾಂತಿಯ ಹೈದರಾಬಾದಿನಲ್ಲಿ, ಆಗಸ್ಟ್ 15ರ ಸುಮಾರಿಗೆ ದೆಹಲಿಯಲ್ಲಿ, ಆಕಾಶ ತುಂಬಾ ಗಾಳಿಪಟಗಳಿರುತ್ತವೆ. ಅವುಗಳ ದಾರ ಕಣ್ಣಿಗೆ ಕಾಣದು, ಪ್ರೊಪೆಲ್ಲರಿಗೆ ತಪ್ಪದೆ ಸುತ್ತಿಕೊಳ್ಳುತ್ತದೆ.

ಹಾರಾಟ ಮುಗಿದ ಮೇಲೆ ಮೊದಲು ವಿಮಾನದ ಬ್ಯಾಟರಿಯನ್ನು ಕಳಚಿ, ಆನಂತರವೇ ಪ್ರೇಷಕವನ್ನು ನಿಲ್ಲಿಸಬೇಕು. ಚಾಲೂ ಮಾಡುವಾಗ ಈ ಕ್ರಮ ವಿಲೋಮ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಇಳಿಸಿದೊಡನೆ ಬಿಸಿಯಿರುವಾಗಲೇ ಚಾರ್ಜಿಗೆ ಇಡಕೂಡದು. ಅದರ ಒಂದೊಂದು ಕೋಶದ ಪೂರ್ಣ ಮಟ್ಟ 4.2 ವೋಲ್ಟ್. ಕೆಲವು ದಿನ ಬಳಸದೆ ಇಡುವುದಾದರೆ ಸುಮಾರು 3.8 ವೋಲ್ಟಿನಲ್ಲಿ ಇರಿಸಬೇಕು. ನೆಲಕ್ಕೆ ಬಿದ್ದ ವಿಮಾನದಲ್ಲಿದ್ದ ಬ್ಯಾಟರಿಯ ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ಪೆಟ್ಟಾಗಿ, ಗಂಟೆಗಳ ನಂತರ ಹೊತ್ತಿಕೊಳ್ಳುವುದುಂಟು. ಅಂಥದನ್ನು ಮನೆಯೊಳಗೂ ಕಾರಿನೊಳಗೂ ಇಡದೆ, ಉರಿಯುವ ವಸ್ತುಗಳಿಂದ ದೂರ, ಮರಳು ತುಂಬಿದ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ ಹೊರಗಡೆ ಇರಿಸತಕ್ಕದ್ದು. ಉಬ್ಬಿರುವ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡತಕ್ಕದ್ದಲ್ಲ.